ಪಾಟಿಯ ಮೇಲೆ ನನ್ನ ಹೆಜ್ಜೆ

ಬೆಳಗಾವಿಯ ನೆಹರು ನಗರದ ಆಸ್ಪತ್ರೆಯೊಂದರಲ್ಲಿ ನಾನು ನೆಲ ಒರೆಸುತ್ತೇನೆ. ಬೆಳಿಗ್ಗೆ ಉದ್ದನೆಯ ಪಡಸಾಲೆಯನ್ನು ಆ ತುದಿಯಿಂದ ಈ ತುದಿಯವರೆಗೆ ಒರೆಸಿ ತಿರುಗಿ ನೋಡಿದರೆ ಒದ್ದೆ ನೆಲದ ಮೇಲೆ ಯಾರೋ ಆಗಲೇ ನಡೆದು ಹೋಗಿರುತ್ತಾರೆ. ನನ್ನ ಜೊತೆಯ ಹೆಂಗಸರು ಬೈಯುತ್ತಾರೆ. ನಾನು ಬೈಯುವುದಿಲ್ಲ, ನಿಂತು ನೋಡುತ್ತೇನೆ. ಇವರಿಗೆ ಎಡ ಮೊಣಕಾಲು ನೋವು. ಇದು ಕೂಸನ್ನು ಸೊಂಟದ ಮೇಲೆ ಹೊತ್ತವಳ ಹೆಜ್ಜೆ, ಒಂದು ಪಾದ ಹೊರಕ್ಕೆ ತಿರುಗಿದೆ. ಇವರು ಒಳ್ಳೆಯ ಸುದ್ದಿ ಕೇಳಿ ಹೊರಟವರು, ಬೆರಳುಗಳು ಮುಂದಕ್ಕೆ ಒತ್ತಿವೆ. ನೋಡುತ್ತಿದ್ದಂತೆ ಫ್ಯಾನಿನ ಗಾಳಿಗೆ ಆ ಹೆಜ್ಜೆಗಳು ಅಂಚಿನಿಂದ ಒಣಗುತ್ತ, ಚಿಕ್ಕದಾಗುತ್ತ, ಕೊನೆಗೆ ಹೆಬ್ಬೆರಳಿನಷ್ಟು ಒದ್ದೆ ಉಳಿದು, ಅದೂ ಇಲ್ಲವಾಗುತ್ತದೆ.

ನಾನು ಓದಿದ್ದು ಏಳನೆಯ ತರಗತಿಯವರೆಗೆ. ಅಕ್ಷರಗಳನ್ನು ನಿಧಾನವಾಗಿ ಕೂಡಿಸಿ ಓದುತ್ತೇನೆ. ಹೆಜ್ಜೆಗಳನ್ನು ಮಾತ್ರ ಬೇಗ ಓದುತ್ತೇನೆ. ಅದನ್ನು ಕಲಿಸಿದವರು ಖಾನಾಪುರದ ನಮ್ಮ ಮಾಸ್ತರರು. ನಮ್ಮ ಅವ್ವನಿಗೆ ಓಟ ಕಲಿಸಿದವರೂ ಅವರೇ, ನನಗೂ ನನ್ನ ತಂಗಿಗೂ ಕಲಿಸಿದವರೂ ಅವರೇ, ಈಗ ತಂಗಿಯ ಮಗಳಿಗೆ ಕಲಿಸುತ್ತಿರುವವರೂ ಅವರೇ. ಶಾಲೆಯ ನೌಕರಿಯಿಂದ ನಿವೃತ್ತರಾದ ಮರುದಿನ ಬೆಳಿಗ್ಗೆಯೂ ಎಂದಿನ ಹೊತ್ತಿಗೇ ಮೈದಾನದಲ್ಲಿದ್ದರಂತೆ. ಆ ದಿನ ನಿವೃತ್ತಿಯ ಮಾತೆತ್ತಿದ ಹುಡುಗರನ್ನು ಎರಡು ಸುತ್ತು ಹೆಚ್ಚು ಓಡಿಸಿದರಂತೆ.

ಅವ್ವ ಹೇಳುತ್ತಿದ್ದ ಕತೆಯೊಂದಿದೆ. ಆಗ ಮಾಸ್ತರರು ಮೀಸೆ ಆಗಷ್ಟೇ ಚಿಗುರಿದ ಹೊಸ ಪಿ.ಟಿ. ಮಾಸ್ತರ. ಹೆಣ್ಣುಮಕ್ಕಳನ್ನು ಓಡಿಸುತ್ತಾನೆ ಎಂಬ ಸುದ್ದಿ ಕೇಳಿ ನಮ್ಮ ಅಜ್ಜ ಕುರಿ ಕಾಯುವ ಬಡಿಗೆಯನ್ನೇ ಹಿಡಿದು ಮೈದಾನಕ್ಕೆ ಬಂದಿದ್ದ. ಅವ್ವ ಲಂಗವನ್ನು ಎತ್ತಿ ಕಟ್ಟಿ ಓಡುತ್ತಿದ್ದಳು. ಮಾಸ್ತರರು ಅಜ್ಜನ ಬಡಿಗೆಯನ್ನು ನೋಡಿದವರು, "ಬರ್ರಿ ಬರ್ರಿ, ಛಲೋ ಆತು, ಇದನ್ನ ಹಿಡಕೊಳ್ಳಾಕ ಒಬ್ರು ಬೇಕಾಗಿತ್ತು" ಎಂದು ಗೆಲುವಿನ ಗೆರೆಯ ದಾರದ ಒಂದು ತುದಿಯನ್ನು ಅವನ ಕೈಗೆ ಕೊಟ್ಟುಬಿಟ್ಟರಂತೆ. ಅಜ್ಜ ದಾರ ಹಿಡಿದು ನಿಂತ. ಅವ್ವ ಬಂದು ಆ ದಾರವನ್ನು ಎದೆಯಿಂದ ಹರಿದಳು. ಮನೆಗೆ ಹೋಗುವಾಗ ಅಜ್ಜ ಏನೂ ಬೈಯಲಿಲ್ಲವಂತೆ, ಉಳಿದ ದಾರದ ತುಂಡನ್ನು ಕಿಸೆಯಲ್ಲಿ ಇಟ್ಟುಕೊಂಡಿದ್ದನಂತೆ.

ಮಾಸ್ತರರಿಗೆ ಒಂದು ಅಭ್ಯಾಸ. ಬೈಯುವುದು ಮರಾಠಿಯಲ್ಲಿ, ಹೊಗಳುವುದು ಕನ್ನಡದಲ್ಲಿ. ನಮ್ಮ ಜೊತೆ ಓಡುತ್ತಿದ್ದ ಹುಡುಗಿಯೊಬ್ಬಳು, "ನಾಲ್ಕು ವರ್ಷ ಆತು, ಸರ್‌ಗೆ ಕನ್ನಡ ಬರ್ತೈತಿ ಅಂತ ನನಗ ಗೊತ್ತ ಇಲ್ಲ" ಎಂದು ನಗಿಸುತ್ತಿದ್ದಳು. ಅವಳು ಈಗ ಬೆಳಗಾವಿ–ಖಾನಾಪುರ ಬಸ್ಸಿನಲ್ಲಿ ಕಂಡಕ್ಟರ್. ಬಸ್ಸು ತುಂಬಿ ತುಳುಕುವಾಗ ಮುಂದಿನ ಬಾಗಿಲಿನಿಂದ ಇಳಿದು ಹಿಂದಿನ ಬಾಗಿಲಿಗೆ ಓಡಿ ಹತ್ತುತ್ತಾಳೆ. ನನ್ನನ್ನು ಕಂಡರೆ, "ಮಾಸ್ತರ ಕಲಿಸಿದ್ದು ಇದಕ್ಕ ಬಂತು ನೋಡವಾ" ಎನ್ನುತ್ತಾಳೆ.

ಇನ್ನು ಪಾಟಿಯ ಮಾತು. ನಮ್ಮ ಕಡೆ ಮಕ್ಕಳು ಬರೆಯುವ ಸ್ಲೇಟಿಗೆ ಪಾಟಿ ಎನ್ನುತ್ತೇವೆ. ಮೈದಾನದ ಮೂಲೆಯಲ್ಲಿ, ಹುಣಸೆಮರದ ಹತ್ತಿರ, ಇಪ್ಪತ್ತು ಹೆಜ್ಜೆ ಉದ್ದದ, ಒಂದು ಎತ್ತಿನ ಗಾಡಿಯಷ್ಟು ಅಗಲದ ಮಣ್ಣಿನ ಪಟ್ಟಿಯಿದೆ. ಜರಡಿ ಹಿಡಿದ ಕೆಂಪು ಮಣ್ಣು. ಅದಕ್ಕೆ ಸಂಜೆ ನೀರು ಚಿಮುಕಿಸಿ, ಹಲಗೆಯಿಂದ ಸವರಿ ನುಣುಪು ಮಾಡಿ ಬಿಡಬೇಕು. ಬೆಳಿಗ್ಗೆ ಒಬ್ಬೊಬ್ಬರೇ ಬರಿಗಾಲಲ್ಲಿ ಅದರ ಮೇಲೆ ನಿಧಾನವಾಗಿ ಓಡಬೇಕು. ಮಾಸ್ತರರು ಕುಕ್ಕರಗಾಲಲ್ಲಿ ಕುಳಿತು ಹೆಜ್ಜೆಗಳನ್ನು ಓದುತ್ತಾರೆ. ಓದಿದ ಮೇಲೆ ಆ ವಾರದ ಸರದಿಯವಳು ಹಲಗೆಯಿಂದ ಅಳಿಸುತ್ತಾಳೆ, ಮುಂದಿನವರು ಓಡುತ್ತಾರೆ. ಮಾಸ್ತರರ ಅಪ್ಪ ಹಂಚಿನ ಕಾರ್ಖಾನೆಯಲ್ಲಿದ್ದವನು. ಒಣಗಲಿಟ್ಟ ಹಸಿ ಹಂಚುಗಳ ಮೇಲೆ ನಾಯಿ ನಡೆದುಹೋದರೆ, ಯಾವ ನಾಯಿ, ಯಾವ ಕಾಲು ಕುಂಟು, ಹೊಟ್ಟೆಯಲ್ಲಿ ಮರಿಯಿದೆಯೇ ಎಂದು ಹೆಜ್ಜೆ ನೋಡಿಯೇ ಹೇಳುತ್ತಿದ್ದನಂತೆ. ಪಾಟಿಯ ಕಲ್ಪನೆ ಅಲ್ಲಿಂದ ಬಂದದ್ದು.

"ಜೋರ ಓಡುಮುಂದ ಮನಿಶ್ಯಾ ಸುಳ್ಳ ಹೇಳಬಹುದು. ಸಾವಕಾಶ ಓಡುಮುಂದ ಹೇಳಾಕ ಬರಂಗಿಲ್ಲ" ಎಂದು ಮಾಸ್ತರರು ಹೇಳುತ್ತಿದ್ದರು. ನಾನು ಹೇಳಿದ ಸುಳ್ಳು ಅಲ್ಲಿಯೇ, ಆ ಪಾಟಿಯ ಮೇಲೆ, ಸಾವಕಾಶವಾಗಿ ಓಡಿ ಹೇಳಿದ್ದು.

ನಾನು ಏಳನೆಯ ತರಗತಿಯಲ್ಲಿದ್ದಾಗ ಕ್ರೀಡಾ ವಸತಿನಿಲಯದ ಆಯ್ಕೆಗೆ ಹೆಸರು ಕಳಿಸುವ ಹೊತ್ತು ಬಂತು. ಆಯ್ಕೆಯಾದರೆ ಊಟ, ಶಾಲೆ, ಬೂಟು, ಎಲ್ಲವೂ ಅಲ್ಲಿಯೇ. ಆಗದಿದ್ದರೆ ನನ್ನನ್ನು ಶಾಲೆ ಬಿಡಿಸುವುದಾಗಿ ಅಪ್ಪ ಮೊದಲೇ ಹೇಳಿದ್ದ. ಆಯ್ಕೆಗೆ ನಾಲ್ಕು ದಿನವಿರುವಾಗ ಮಾಸ್ತರರು ಪಾಟಿಯ ಮೇಲಿನ ನನ್ನ ಹೆಜ್ಜೆಯನ್ನು ಬಹಳ ಹೊತ್ತು ನೋಡಿದರು. ಬಲ ಹಿಮ್ಮಡಿ ಪೂರ್ತಿ ಊರಿರಲಿಲ್ಲ. ನನಗೆ ಸಣ್ಣ ನೋವಿತ್ತು, ಯಾರಿಗೂ ಹೇಳಿರಲಿಲ್ಲ.

"ನೀ ಈ ವರ್ಷ ಬ್ಯಾಡ" ಎಂದರು.

"ಮಾಸ್ತರ್ರಿ, ಏನೂ ಆಗಿಲ್ರಿ. ಓಡಿ ತೋರಸ್ಲೇನ್ರಿ?"

"ಓಡಿ ತೋರಸ್ತೀ, ಗೊತ್ತೈತಿ. ಅದಕ್ಕ ಬ್ಯಾಡ ಅಂತೀನಿ."

ಮರುವರ್ಷ ನನ್ನ ವಯಸ್ಸು ಮೀರಿತು. ಅಪ್ಪ ಶಾಲೆ ಬಿಡಿಸಿದ. ನಾನು ಹಂಚಿನ ಕಾರ್ಖಾನೆಗೆ ಮಣ್ಣು ಹೊರಲು ಹೋದೆ. ಎರಡು ತಿಂಗಳು ಮಾಸ್ತರರ ಮುಖ ನೋಡಲಿಲ್ಲ. ಆಮೇಲೆ ತಡೆಯಲಾಗಲಿಲ್ಲ, ಕೆಲಸಕ್ಕೆ ಹೋಗುವ ಮೊದಲು ನಸುಕಿನಲ್ಲಿ ತಂಗಿಯ ಜೊತೆ ಮತ್ತೆ ಮೈದಾನಕ್ಕೆ ಹೋಗತೊಡಗಿದೆ. ಹಿಮ್ಮಡಿಯ ನೋವು ಯಾವಾಗಲೋ ಹೋಗಿತ್ತು. ಅದು ಹೋದದ್ದು ಅವರು ನಿಲ್ಲಿಸಿದ್ದರಿಂದ ಎಂದು ಆಗ ನನಗೆ ಹೊಳೆಯಲಿಲ್ಲ. ಇಷ್ಟು ಸಣ್ಣ ನೋವಿಗೆ ನನ್ನ ಶಾಲೆಯನ್ನು ಕಿತ್ತುಕೊಂಡರು ಎಂದೇ ಅನಿಸುತ್ತಿತ್ತು.

ಎರಡು ವರ್ಷದ ಮೇಲೆ ತಂಗಿಯ ಸರದಿ ಬಂತು. ಅವಳು ನನಗಿಂತ ಚೆನ್ನಾಗಿ ಓಡುತ್ತಿದ್ದಳು. ಅವಳು ಓಡುವಾಗ ಶಬ್ದವೇ ಬರುತ್ತಿರಲಿಲ್ಲ. ಮಂಜಿನಲ್ಲಿ ಮೈದಾನದ ಆ ಬದಿ ಕಾಣದಿದ್ದಾಗ ಎಲ್ಲರ ಹೆಜ್ಜೆಯ ಸದ್ದು ಕೇಳಿಸುತ್ತಿತ್ತು, ಅವಳದೊಂದನ್ನು ಬಿಟ್ಟು. ಮಂಜಿನೊಳಗಿನಿಂದ ಒಮ್ಮೆಲೇ ಅವಳ ಮುಖ ಬರುತ್ತಿತ್ತು, ನಗುತ್ತ. ನಮ್ಮಿಬ್ಬರಿಗೂ ಒಂದೇ ಜೊತೆ ಚಪ್ಪಲಿ. ಅವಳ ಪಾದ ನನ್ನಷ್ಟೇ ಉದ್ದ ಬೆಳೆದಿತ್ತು. ಇಬ್ಬರಿಗೂ ಅವ್ವನ ಹೆಬ್ಬೆರಳು, ಒಳಕ್ಕೆ ಸ್ವಲ್ಪ ಬಾಗಿದ್ದು. ಮಾಸ್ತರರು ಪಾಟಿ ನೋಡಿ, "ಈ ಮನಿಯವರ ಸಹಿ ಇದು" ಎನ್ನುತ್ತಿದ್ದರು.

ಆಯ್ಕೆಗೆ ಮೂರು ದಿನವಿತ್ತು. ಹಲಗೆಯ ಸರದಿ ನನ್ನದು. ತಂಗಿ ಪಾಟಿಯ ಮೇಲೆ ಓಡಿ, ಕಾಲು ತೊಳೆಯಲು ನೀರಿನ ತೊಟ್ಟಿಯ ಕಡೆ ಹೋದಳು. ಅಷ್ಟರಲ್ಲಿ ಯಾರದೋ ಅಪ್ಪ ಗೇಟಿನಲ್ಲಿ ನಿಂತು ಕೂಗಿದ್ದರಿಂದ ಮಾಸ್ತರರು ಎದ್ದು ಅತ್ತ ಹೋದರು. ಉಳಿದವರು ಮಂಜಿನಲ್ಲಿ ಮೈದಾನದ ಆ ಬದಿ ಓಡುತ್ತಿದ್ದರು. ನಾನು ಪಾಟಿ ನೋಡಿದೆ. ಬಲಗಾಲಿನ ಹೆಜ್ಜೆಗಳಲ್ಲಿ ಹಿಮ್ಮಡಿ ಇರಲಿಲ್ಲ. ಹೊರ ಅಂಚು ಆಳವಾಗಿ, ಹಿಂದಿನ ಭಾಗ ಬರೀ ಮಣ್ಣು ಸವರಿದಂತೆ ಇತ್ತು. ಎರಡು ವರ್ಷದ ಹಿಂದಿನ ನನ್ನದೇ ಹೆಜ್ಜೆಯನ್ನು ಯಾರೋ ಕಾಪಿಟ್ಟು ತಂದು ಅಲ್ಲಿ ಒತ್ತಿದ ಹಾಗೆ.

ಹಲಗೆ ಎಳೆದೆ. ಆಮೇಲೆ ಹಲಗೆಯನ್ನು ಕೆಳಗಿಟ್ಟು, ತಂಗಿ ಓಡಿದ ಜಾಗದಲ್ಲಿ ನಾನು ಓಡಿದೆ. ಇಪ್ಪತ್ತು ಹೆಜ್ಜೆ. ಮಣ್ಣು ತಣ್ಣಗಿತ್ತು. ನನ್ನ ಎರಡೂ ಹಿಮ್ಮಡಿಗಳು ಪೂರ್ತಿಯಾಗಿ, ಚಂದವಾಗಿ ಊರಿದವು.

ಮಾಸ್ತರರು ಬಂದು ಕುಳಿತು ನೋಡಿದರು. ತಲೆ ಓರೆ ಮಾಡಿದರು. "ಏನ ತಿನಸೀರಿ ಈಕೀಗೆ? ಒಂದ ರಾತ್ರಿಯೊಳಗ ಭಾರ ಆಗ್ಯಾಳಲ್ಲ!" ಎಂದು ನಕ್ಕರು. ಅವರು ತೊಟ್ಟಿಯ ಕಡೆ ತಿರುಗಿ, ಗಟ್ಟಿಯಾಗಿ, ಕನ್ನಡದಲ್ಲಿ ಹೇಳಿದರು: "ಛಂದ ಐತಿ ಹೆಜ್ಜಿ. ಹೋಗಬಹುದು."

ತಂಗಿಗಾಗಿ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅವಳ ಶಾಲೆಯಾದರೂ ಉಳಿಯಲಿ ಎಂದು. ಅದೂ ಸ್ವಲ್ಪ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಹಲಗೆ ಎಳೆಯುವಾಗ ನನ್ನ ಎದೆಯಲ್ಲಿದ್ದದ್ದು ಸಿಟ್ಟು. ನೀವು ನಿಲ್ಲಿಸುವ ಕಾಲು ಓಡುತ್ತದೆ, ನೋಡಿರಿ ಎಂದು ಮಾಸ್ತರರಿಗೆ ತೋರಿಸಬೇಕಾಗಿತ್ತು. ತೋರಿಸಲು ನಾನು ತೆಗೆದುಕೊಂಡದ್ದು ತಂಗಿಯ ಕಾಲನ್ನು.

ಆಯ್ಕೆ ನಡೆದದ್ದು ಬೆಳಗಾವಿಯ ಮಿಲಿಟರಿ ಕ್ಯಾಂಪಿನ ಒಂದು ಮೈದಾನದಲ್ಲಿ. ಸುತ್ತ ದೊಡ್ಡ ದೊಡ್ಡ ಮರಗಳು, ಮರಗಳ ಹಿಂದೆ ಹಳೆಯ ಬಂಗಲೆಗಳ ಕೆಂಪು ಮಾಡು, ಎಲ್ಲಿಯೋ ಸೈನಿಕರ ಕಹಳೆ. ನಾನು ಅಂಥ ಜಾಗ ನೋಡಿದ್ದು ಅದೇ ಮೊದಲು. ತಂಗಿಯ ಸ್ವೆಟರನ್ನು ಎದೆಗೆ ಅವುಚಿ ನಿಂತಿದ್ದೆ. ಮೊದಲ ಸುತ್ತಿನಲ್ಲಿ ಅವಳು ಎಲ್ಲರಿಗಿಂತ ಮುಂದಿದ್ದಳು. ಮರಗಳ ನೆರಳಿನೊಳಗೆ ಹೋಗಿ ಬಿಸಿಲಿಗೆ ಬರುತ್ತಿದ್ದಳು, ಮತ್ತೆ ನೆರಳಿನೊಳಗೆ. ನಾನು ಮಾಸ್ತರರ ಮುಖವನ್ನು ನೋಡುತ್ತಿದ್ದೆ. ಅವರು ಹೆಮ್ಮೆಯಿಂದ ನಗುವುದನ್ನು ಕಾಯುತ್ತಿದ್ದೆ.

ಎರಡನೆಯ ಸುತ್ತಿನ ತಿರುವಿನಲ್ಲಿ ಅವಳು ಥಟ್ಟನೆ ನಿಂತು ಹಿಂದಕ್ಕೆ ತಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಕುಸಿದಳು. ನಾನು ಓಡಿಹೋದಾಗ ಅವಳು ಅಳುತ್ತಿರಲಿಲ್ಲ, ಆಶ್ಚರ್ಯದಿಂದ ಸುತ್ತಲೂ ನೋಡುತ್ತಿದ್ದಳು.

"ಅಕ್ಕಾ, ಹಿಂದಿಂದ ಯಾರೋ ಕಲ್ಲ ಒಗದ್ರು" ಎಂದಳು.

ಹಿಮ್ಮಡಿಯ ಮೇಲಿನ ನರ ಹರಿದರೆ ಹಾಗೆಯೇ ಅನಿಸುತ್ತದಂತೆ. ಇದನ್ನು ಆಸ್ಪತ್ರೆಗೆ ಸೇರಿದ ಮೇಲೆ ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಪ್ರತಿ ಸಲ ಕೇಳಿದಾಗಲೂ ಕಲ್ಲು ಒಗೆದವಳು ಯಾರೆಂದು ನನಗೆ ಗೊತ್ತಿರುತ್ತದೆ.

ತಂಗಿಯ ಕಾಲು ಕೂಡಿತು, ಆದರೆ ನರ ಗಿಡ್ಡವಾಗಿ ಕೂಡಿತು. ಬಲ ಹಿಮ್ಮಡಿ ಅಂದಿನಿಂದ ಇಂದಿನವರೆಗೆ ನೆಲ ಮುಟ್ಟಿಲ್ಲ. ಹೊಲಿಗೆ ಕಲಿತಳು. ಮದುವೆಯಾಯಿತು, ಖಾನಾಪುರದಲ್ಲೇ ಮನೆ, ಒಬ್ಬಳೇ ಮಗಳು. ಹೊಲಿಗೆಯ ಮಷೀನನ್ನು ಎಡಗಾಲಿನಿಂದ ತುಳಿಯುತ್ತಾಳೆ. ಮಾಸ್ತರರ ಮಾತು ಬಂದರೆ ಒಂದೇ ಮಾತು ಹೇಳುತ್ತಿದ್ದಳು: "ನೋಡಿ ಕಳಿಸಿದ್ರು ಅವರು." ಅದಕ್ಕಿಂತ ಹೆಚ್ಚು ಎಂದೂ ಹೇಳಿದವಳಲ್ಲ. ಮೈದಾನದೊಳಗೆ ಕಾಲಿಟ್ಟವಳಲ್ಲ. ಮಗಳು ಓಡುತ್ತೇನೆಂದು ಹಟ ಹಿಡಿದಾಗ ಅವ್ವನೇ ಮೊಮ್ಮಗಳ ಕೈಹಿಡಿದು ಮಾಸ್ತರರ ಹತ್ತಿರ ಬಿಟ್ಟು ಬಂದಳು. ಅವ್ವ ತೀರಿಕೊಂಡ ಮೇಲೆ ತಂಗಿಯೇ ನಸುಕಿನಲ್ಲಿ ಮಗಳನ್ನು ಕರೆತರುತ್ತಾಳೆ, ಆದರೆ ಗೋಡೆಯ ಆಚೆಯೇ ನಿಂತಿರುತ್ತಾಳೆ.

ಮಾಸ್ತರರಿಗೆ ಆದದ್ದು ಬೇರೆ. ಆಯ್ಕೆಯ ಮರುದಿನ ಬೆಳಿಗ್ಗೆ ಅವರು ಪಾಟಿಯ ಪಕ್ಕ ಕುಳಿತು ಬರೀ ಮಣ್ಣನ್ನು ನೋಡುತ್ತಿದ್ದರು. "ನನ್ನ ಕಣ್ಣು ಹೋತು" ಎಂದರು. ಅಂದಿನಿಂದ ಅವರು ಕಣ್ಣನ್ನು ನಂಬಲಿಲ್ಲ. ಹೆಜ್ಜೆಯೊಳಗೆ ಬೆರಳಿಟ್ಟು ಓದತೊಡಗಿದರು. ಎಳ್ಳಷ್ಟು ಅನುಮಾನ ಬಂದರೂ, "ಈ ವರ್ಷ ಬ್ಯಾಡ" ಎಂದುಬಿಡುತ್ತಿದ್ದರು. ಊರಲ್ಲಿ ಅವರಿಗೆ ಬ್ರೇಕ್ ಮಾಸ್ತರ ಎಂದು ಹೆಸರಾಯಿತು. ಕಂಡಕ್ಟರ್ ಗೆಳತಿಯ ತಮ್ಮನನ್ನೂ ಹಾಗೆ ನಿಲ್ಲಿಸಿದರು, ಅವನು ಈಗ ಆಟೋ ನಗರದಲ್ಲಿ ನನ್ನ ಗಂಡನ ಜೊತೆ ಗ್ಯಾರೇಜಿನಲ್ಲಿದ್ದಾನೆ. ಎದುರಿಗೆ ಸಿಕ್ಕರೆ, "ಆ ವರ್ಷ ನನ್ನ ಕಳಿಸಿದ್ರ..." ಎಂದು ನಗುತ್ತಾನೆ. ನಾನು ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತೇನೆ. ಅವನ ಓಟವನ್ನು ನಿಲ್ಲಿಸಿದವಳೂ ನಾನೇ.

ನನ್ನ ಕಾಲುಗಳು ಮಾತ್ರ ಇಷ್ಟು ವರ್ಷವಾದರೂ ಗಟ್ಟಿ. ದಿನಕ್ಕೆ ಎಂಟು ತಾಸು ನಿಂತು ಒರೆಸಿದರೂ ನೋಯುವುದಿಲ್ಲ.

ಹೀಗೆ ಇದ್ದುಬಿಡುತ್ತಿದ್ದೆನೇನೋ. ಈ ವರ್ಷ ಚಳಿಗಾಲದಲ್ಲಿ ಒಂದು ಶುಕ್ರವಾರ ತಂಗಿಯ ಮಗಳ ಫೋನು ಬಂತು. ದನಿ ಒಡೆದಿತ್ತು.

"ದೊಡ್ಡವ್ವಾ, ಸರ್ ನನ್ನ ಹೆಸರು ಕಳಸಂಗಿಲ್ಲಂತ."

"ಯಾಕಂತವ್ವಾ? ಕಾಲಿಗೆ ಏನರ ಆಗೇತೇನು?"

"ಏನೂ ಆಗಿಲ್ಲ! ನಂದು ಪಾಟಿ ಓದಾಕ ತಯಾರಿಲ್ಲ ಅವರು. 'ನಿಮ್ಮ ಮನಿ ಪಾದಾ ಒಮ್ಮಿ ತಪ್ಪ ಓದೀನಿ, ಇನ್ನೊಮ್ಮಿ ಓದಂಗಿಲ್ಲ' ಅಂದ್ರು. ನನಕಿಂತ ಹಿಂದ ಓಡೋರು ಹೊಂಟಾರ, ದೊಡ್ಡವ್ವಾ."

"ನಿಮ್ಮವ್ವ ಏನಂತಾಳ?"

"ಮಷೀನ್ ತುಳಕೋತ ಕುಂತಾಳ. 'ಬ್ಯಾಡ ಅಂದ್ರ ಬ್ಯಾಡ' ಅಂತಾಳ. ಸೋಮವಾರ ಹೆಸರು ಹೋಗಬೇಕು."

ಫೋನು ಇಟ್ಟ ಮೇಲೆ ಪಡಸಾಲೆಯ ನೆಲವನ್ನು ಎರಡು ಸಲ ಒರೆಸಿದೆನಂತೆ. ಜೊತೆಯವಳು ಹೇಳಿದಳು, ನನಗೆ ನೆನಪಿಲ್ಲ. ನೆನಪಿರುವುದು ಇಷ್ಟು: ತಂಗಿಯ ಮಗಳ ಹೆಜ್ಜೆಯ ಮೇಲೆಯೂ ನಾನು ಹಲಗೆ ಎಳೆಯುತ್ತಿದ್ದೇನೆ ಎಂದು ಅನಿಸಿತು. ಬಾಯಿ ಬಿಟ್ಟರೆ ತಂಗಿ ಹೋಗುತ್ತಾಳೆ. ಬಿಡದಿದ್ದರೆ ಈ ಹುಡುಗಿಯ ಓಟ ಹೋಗುತ್ತದೆ.

ಶನಿವಾರ ಸಂಜೆಯ ಬಸ್ಸಿಗೆ ಖಾನಾಪುರಕ್ಕೆ ಹೋದೆ. ತಂಗಿ ಚಪಾತಿ ಮಾಡಿ, ನನಗೆ ಇಷ್ಟವೆಂದು ಕೆಂಪು ಚಟ್ನಿ ಅರೆದಿದ್ದಳು. ಅರ್ಧ ಚಪಾತಿ ತಿಂದು ತಾಟು ಸರಿಸಿದೆ. "ಊರಿಗೆ ಬಂದ್ರ ಈಕಿಗೆ ಹಸಿವ ಇರಂಗಿಲ್ಲ, ಬೆಳಗಾವ್ಯಾಗ ಏನ ತಿಂತಾಳೋ" ಎಂದು ಮಗಳಿಗೆ ಹೇಳಿ ನಕ್ಕಳು. ಅವಳ ಆ ನಗುವನ್ನು ಕೊನೆಯ ಸಲ ನೋಡುವವಳಂತೆ ನೋಡಿದೆ.

ನಸುಕಿನಲ್ಲಿ ಮೂವರೂ ಹೊರಟೆವು. ಮಲಪ್ರಭೆಯ ಕಡೆಯಿಂದ ಮಂಜು ಎದ್ದು ಮೈದಾನವನ್ನೆಲ್ಲ ತುಂಬಿಕೊಂಡಿತ್ತು. ತಂಗಿ ಎಂದಿನಂತೆ ಗೋಡೆಯ ಹತ್ತಿರ ನಿಂತಳು. ಅವಳ ಮಗಳು ಓಡುವವರ ಜೊತೆ ಸೇರಿದಳು. ನಾನು ಪಾಟಿಯ ಕಡೆ ನಡೆದೆ. ಮಾಸ್ತರರು ಅಲ್ಲೇ ಇದ್ದರು, ತಲೆಗೆ ಮಫ್ಲರ್ ಸುತ್ತಿ, ಸಣ್ಣ ಸ್ಟೂಲಿನ ಮೇಲೆ. ಈಗ ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ಮಂಜಿನಲ್ಲಿ ಅವರು ನನ್ನ ಅಜ್ಜನ ಕೈಗೆ ದಾರ ಕೊಟ್ಟ ಹರೆಯದ ಮಾಸ್ತರರೋ, ನನ್ನನ್ನು ನಿಲ್ಲಿಸಿದ ಮಾಸ್ತರರೋ, ಈಗಿನ ಮುದುಕರೋ ಎಂದು ಒಂದು ಕ್ಷಣ ತಿಳಿಯಲಿಲ್ಲ.

"ಯಾರವ್ವಾ? ಬೆಳಗಾವಿಯಾಕಿ ಏನು? ನಡಗಿ ಸಪ್ಪಳ ನಿನ್ನ ಹಂಗ ಐತಿ."

"ಹೌದ್ರಿ ಮಾಸ್ತರ್ರಿ."

"ಹುಡುಗಿ ಸಲುವಾಗಿ ಬಂದಿದ್ರ ಹೊಳ್ಳಿ ಹೋಗು. ನಾ ಒಮ್ಮಿ ಹೇಳೀನಿ."

"ನನ್ನ ಸಲುವಾಗಿ ಬಂದೀನ್ರಿ. ಅವತ್ತ ನೀವು ತಪ್ಪ ಓದಿಲ್ರಿ. ನೀವು ಓದಿದ್ದು ನನ್ನ ಹೆಜ್ಜಿ."

ಹೇಳಿಬಿಟ್ಟೆ. ಅವರು ಗೇಟಿಗೆ ಹೋದದ್ದು, ನಾನು ಹಲಗೆ ಎಳೆದದ್ದು, ಓಡಿದ್ದು. ಹುಡುಗರು ಎರಡು ಸಲ ನಮ್ಮ ಪಕ್ಕದಿಂದ ಓಡಿಹೋದರು. ಮಾಸ್ತರರು ಅವರನ್ನು ನೋಡಲಿಲ್ಲ.

"ಅಕೀದು ಹೆಜ್ಜಿ ಹೆಂಗಿತ್ತು?" ಎಂದು ಕೊನೆಗೆ ಕೇಳಿದರು.

"ಬಲ ಹಿಂಬಡ ಊರಿದ್ದಿಲ್ರಿ. ಹೊರಗಿನ ಅಂಚು ಆಳ."

"ಮಾಡಿ ತೋರಸು."

ಚಪ್ಪಲಿ ಬಿಟ್ಟೆ. ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿದೆ. ಪಾಟಿಯ ಎಡ ಅಂಚಿನಲ್ಲಿ, ಬಲ ಹಿಮ್ಮಡಿಯನ್ನು ಎತ್ತಿ, ನಿಧಾನವಾಗಿ ಓಡಿದೆ. ಮಣ್ಣು ಅಂದಿನಷ್ಟೇ ತಣ್ಣಗಿತ್ತು. ಮಾಸ್ತರರು ಸ್ಟೂಲಿನಿಂದ ಬಗ್ಗಿ ಒಂದು ಹೆಜ್ಜೆಯೊಳಗೆ ಬೆರಳುಗಳನ್ನು ಇಟ್ಟರು.

"ಇದನ್ನ ನೋಡಿದ್ರ ನಾ ಕಳಸ್ತಿದ್ದಿಲ್ಲ."

"ಕಳಸೂದಿಲ್ಲಂತ ಗೊತ್ತಿತ್ರಿ. ಅದಕ್ಕ ಅಳಿಸಿದ್ನಿ."

ಮರಾಠಿಯ ಬೈಗುಳಕ್ಕಾಗಿ ಕಾದೆ. ಕತ್ತೆ ಎನ್ನಲಿ, ಕಲ್ಲು ಎನ್ನಲಿ, ಮೈದಾನದಲ್ಲಿ ನಮ್ಮನ್ನು ದಿನವೂ ಅನ್ನುತ್ತಿದ್ದ ಯಾವುದಾದರೂ ಒಂದನ್ನು ಅನ್ನಲಿ ಎಂದು. ಅವರು ಬೈಯಲಿಲ್ಲ. ಆ ಬೈಗುಳ ಅವರ ಓಟಗಾರರಿಗೆ ಮಾತ್ರ ಎಂಬುದು ಆಗ ನೆನಪಾಯಿತು.

"ಭಾರ ಇತ್ತು ಆ ಹೆಜ್ಜಿ" ಎಂದರು, ನನಗಲ್ಲ, ಮಣ್ಣಿಗೆ ಹೇಳುವಂತೆ. "ಕಣ್ಣಿಗೆ ತಿಳದಿತ್ತು. ನಾನ ಚಾಷ್ಟಿ ಮಾಡಿ ನಕ್ಕ ಬಿಟ್ನಿ." ಬೆರಳಿನ ಮಣ್ಣನ್ನು ಒರೆಸಿಕೊಳ್ಳುತ್ತ, "ಎಷ್ಟ ಮಂದೀನ್ನ ನಿಲ್ಲಿಸಿಬಿಟ್ನಿ..." ಎಂದರು. ಆಮೇಲೆ ಮುಖ ಎತ್ತಿದರು.

"ನಿಮ್ಮ ತಂಗಿಗೆ ಹೇಳೀಯೇನು?"

"ಇಲ್ರಿ."

"ಅಲ್ಲೆ ಹೇಳಬೇಕಾಗಿತ್ತು ಮೊದಲ. ಹೋಗು. ಹೇಳಿ ಬಾ, ಹುಡುಗೀದು ಓದ್ತೀನಿ."

ಪಾಟಿಯಿಂದ ಗೋಡೆಯವರೆಗಿನ ದಾರಿ ನಾನು ಓಡಿದ ಎಲ್ಲ ಸುತ್ತುಗಳಿಗಿಂತ ಉದ್ದವಿತ್ತು. ತಂಗಿ ಶಾಲು ಹೊದ್ದು, ಎಡಗಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು. ಹೇಳಿದೆ. ಈ ಸಲ ಮಾತುಗಳು ಹಿಂದೆ ಮುಂದೆ ಆದವು, ಸಿಟ್ಟಿನ ವಿಷಯವನ್ನೂ ಹೇಳಿದೆ.

"ನಾ ತೊಟ್ಟಿ ಹಂತೇಲಿ ಕಾಲ ತೊಳೀತಿದ್ನಿ" ಎಂದಳು ಕೊನೆಗೆ.

"ಹೂಂ."

"ಭಾಳ ನೋಯ್ತಿತ್ತು ಅವತ್ತ. ಹೇಳಿಬಿಡೂಣು ಅಂತ ಮಾಡಿದ್ನಿ. ಅಷ್ಟರಾಗ ಮಾಸ್ತರ 'ಹೋಗಬಹುದು' ಅಂದ್ರು." ಅವಳು ತನ್ನ ಕಾಲನ್ನು ನೋಡಿಕೊಂಡಳು. "ಮಾಸ್ತರ ನೋಡ್ಯಾರ ಅಂದ್ರ ನನ್ನ ನೋವ ಸುಳ್ಳ ಇರಬೇಕು ಅಂತ ತಿಳಕೊಂಡ್ನಿ."

ನನಗೆ ಇದು ಗೊತ್ತಿರಲಿಲ್ಲ. ಇಷ್ಟು ವರ್ಷ ಗೊತ್ತಿರಲಿಲ್ಲ.

"ಇಷ್ಟ ವರ್ಷ ಆ ಮನಿಶ್ಯಾನ ಮಾರಿ ನೋಡಿಲ್ಲ ನಾ" ಎಂದಳು. ಆಮೇಲೆ ನನ್ನನ್ನು ದಾಟಿ ಗೇಟಿನೊಳಗೆ ಹೋದಳು.

ಮಂಜು ಹರಿಯುತ್ತಿತ್ತು. ಅವಳು ಮೈದಾನದ ನಡುವೆಯೇ ನಡೆದು ಹೋದಳು. ಓಡುತ್ತಿದ್ದ ಹುಡುಗರು ಅವಳನ್ನು ಕಂಡು ತಾವಾಗಿಯೇ ದಾರಿ ಬಿಟ್ಟರು. ಪಾಟಿಯ ಹತ್ತಿರ ಚಪ್ಪಲಿ ಕಳಚಿ ಸಾಲಾಗಿ ಇಟ್ಟಳು, ನಮ್ಮ ಕಾಲದಲ್ಲಿ ಇಡುತ್ತಿದ್ದಂತೆ. ಮಾಸ್ತರರು ಸ್ಟೂಲನ್ನು ಊರಿ ಎದ್ದು ನಿಂತಿದ್ದರು.

"ಮಾಸ್ತರ, ನನ್ನ ಮಗಳ ಹೆಜ್ಜಿ ಓದ್ರಿ."

"ಮೊದಲ ನಿಂದು."

ಅವಳು ಪಾಟಿಯ ನಡುವೆ ನಡೆದಳು. ಇಪ್ಪತ್ತು ಹೆಜ್ಜೆ. ಮಾಸ್ತರರು ಬಗ್ಗಿ ಬಗ್ಗಿ ಒಂದೊಂದನ್ನೂ ಮುಟ್ಟಿದರು. ನಾನು ದೂರದಿಂದ ನೋಡಿದೆ. ನಾನು ಮಾಡಿ ತೋರಿಸಿದ್ದು ಇದರ ಹತ್ತಿರಕ್ಕೂ ಬಂದಿರಲಿಲ್ಲ. ಹಿಮ್ಮಡಿ ಇಲ್ಲದ ಕಡೆ ಬೆರಳುಗಳು ನೆಲವನ್ನು ಕಚ್ಚಿ ಹಿಡಿದಿದ್ದವು, ಜಾರುವ ಬಂಡೆಯ ಮೇಲೆ ನಡೆಯುವವರ ಹಾಗೆ. ಇಷ್ಟು ವರ್ಷ ಅವಳು ಹೀಗೆ ಭೂಮಿಯನ್ನು ಹಿಡಿದುಕೊಂಡು ನಡೆದಿದ್ದಾ​ಳೆ.

ಮಾಸ್ತರರು ಕೈ ಝಾಡಿಸಿಕೊಂಡು ನೆಟ್ಟಗಾದರು. ಹುಡುಗಿಯನ್ನು ಕರೆದರು. ಅವಳು ತನ್ನ ತಾಯಿಯ ಹೆಜ್ಜೆಗಳ ಬಲಕ್ಕೆ ಓಡಿದಳು. "ಹಳೂ, ಹಳೂ! ಗಾಢವಾ!" ಎಂದು ಮಾಸ್ತರರು ಮರಾಠಿಯಲ್ಲಿ ಕೂಗಿದರು. ಹಳೂ ಎಂದರೆ ನಿಧಾನ, ಗಾಢವಾ ಎಂದರೆ ಕತ್ತೆ, ಅವರ ಬಾಯಲ್ಲಿ ಎರಡೂ ಬೈಗುಳವೇ. ತಂಗಿಯ ತುಟಿ ಅಲುಗಿತು. ಮೂರು ಸಲ ಓಡಿಸಿದರು. ಮೂರನೆಯ ಸಲ ಬೆರಳಿನಿಂದ ಮುಟ್ಟಲಿಲ್ಲ, ಕಣ್ಣಿನಿಂದಲೇ ನೋಡಿದರು.

"ಛಂದ ಐತಿ" ಎಂದರು. "ಹೋಗಬಹುದು."

ಹುಡುಗಿ ಕುಣಿಯುತ್ತ ಗೆಳತಿಯರ ಕಡೆ ಓಡಿದಳು. ನಾವು ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಲಿಲ್ಲ.

ಪಾಟಿ ಅಳಿಸಬೇಕಾಗಿತ್ತು, ಬೇರೆ ಮಕ್ಕಳು ಕಾಯುತ್ತಿದ್ದರು. ಅಭ್ಯಾಸದಂತೆ ನನ್ನ ಕೈ ಹಲಗೆಗೆ ಹೋಯಿತು.

"ಕೊಡಿಲ್ಲೆ" ಎಂದಳು ತಂಗಿ.

ಹಲಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬಲಗಾಲನ್ನು ಒಂದು ಬದಿಗೆ ಚಾಚಿ ಕುಳಿತು, ಮಗಳ ಹೆಜ್ಜೆಗಳನ್ನು ಸವರಿದಳು. ತನ್ನವನ್ನೂ ಸವರಿದಳು. ಎಡ ಅಂಚಿನಲ್ಲಿ ನಾನು ನಟಿಸಿದ ಹೆಜ್ಜೆಗಳ ಹತ್ತಿರ ಬಂದು ನಿಂತಳು. ಹಲಗೆಯನ್ನು ಅಲ್ಲೇ ಬಿಟ್ಟು ಎದ್ದಳು.

"ಅವು ನಿನ್ನವು. ನೀನ ಒರಸು."

ನಾನು ಕುಳಿತು ಕೈಯಿಂದಲೇ ಒರೆಸಿದೆ. ಇಪ್ಪತ್ತು ಹೆಜ್ಜೆ. ತಲೆ ಎತ್ತಿದಾಗ ಅವಳು ಮಾಸ್ತರರ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದಳು. ಇಬ್ಬರೂ ಓಡುವ ಮಕ್ಕಳನ್ನು ನೋಡುತ್ತಿದ್ದರು.

ಆಮೇಲೆ ತಂಗಿ ನನಗೆ ಫೋನು ಮಾಡಿಲ್ಲ. ನಾನು ಮಾಡಿದರೆ ಮಗಳು ಎತ್ತುತ್ತಾಳೆ, ಅವ್ವ ಕೆಲಸದಲ್ಲಿದ್ದಾಳೆ ಎನ್ನುತ್ತಾಳೆ. ಹಿಂದಿನಿಂದ ಮಷೀನಿನ ಸದ್ದು ಕೇಳಿಸುತ್ತದೆ. ಅದನ್ನೇ ಸ್ವಲ್ಪ ಹೊತ್ತು ಕೇಳಿ ಇಡುತ್ತೇನೆ.

ಆಯ್ಕೆಯ ದಿನ ಅರ್ಧ ರಜೆ ಹಾಕಿ ಕ್ಯಾಂಪಿಗೆ ಹೋದೆ. ಅದೇ ಮೈದಾನ, ಮರಗಳು ಇನ್ನೂ ದೊಡ್ಡವಾಗಿದ್ದವು. ಒಳಗೆ ಹೋಗಲಿಲ್ಲ. ಬೇಲಿಯ ಆಚೆ ನಿಂತೆ, ತಂಗಿ ಇಷ್ಟು ವರ್ಷ ನಿಂತ ಹಾಗೆ. ಅವಳು ಒಳಗೆ, ಮಗಳ ಸ್ವೆಟರನ್ನು ತೋಳಿನ ಮೇಲೆ ಹಾಕಿಕೊಂಡು, ಮಾಸ್ತರರ ಕೈ ಹಿಡಿದು ನಿಂತಿದ್ದಳು. ಹುಡುಗಿ ನೆರಳಿನೊಳಗೆ ಹೋಗಿ ಬಿಸಿಲಿಗೆ ಬಂದಳು. ಎರಡನೆಯ ಸುತ್ತಿನ ತಿರುವು ಬಂದಾಗ ನಾನು ಬೇಲಿಯ ತಂತಿ ಹಿಡಿದು ಕಣ್ಣು ಮುಚ್ಚಿದೆ. ಜನರ ಕೂಗು ನಿಲ್ಲಲಿಲ್ಲ. ಕಣ್ಣು ತೆರೆದಾಗ ಅವಳು ಗೆರೆ ದಾಟಿದ್ದಳು, ಮೂರನೆಯವಳಾಗಿ.

ಆಯ್ಕೆಯ ಪಟ್ಟಿ ಇನ್ನೂ ಬಂದಿಲ್ಲ. ಅಂದು ಹುಡುಗಿ ನನ್ನನ್ನು ದೂರದಿಂದಲೇ ಗುರುತು ಹಿಡಿದು, ಬೂಟು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಬೇಲಿಯವರೆಗೆ ಬಂದಳು.

"ದೊಡ್ಡವ್ವಾ, ಇಲ್ಲ್ಯಾಕ ನಿಂತಿ? ಒಳಗ ಬಾ."

"ಇಲ್ಲೇ ಇರ್ತೀನವ್ವಾ. ನೀ ಹೋಗು, ನಿಮ್ಮವ್ವ ಕಾಯಾಕತ್ಯಾಳ."

ಅವಳು ಹೋದಳು. ಧೂಳಿನಲ್ಲಿ ಅವಳ ಹೆಜ್ಜೆಗಳು ಬೇಲಿಯಿಂದ ತಂಗಿಯವರೆಗೆ ಸಾಲಾಗಿ ಮೂಡಿದ್ದವು. ಬಗ್ಗಿ, ತಂತಿಗಳ ನಡುವಿನಿಂದ ಓದಿದೆ. ಅವ್ವನ ಹೆಬ್ಬೆರಳು. ಎರಡೂ ಹಿಮ್ಮಡಿಗಳು ಪೂರ್ತಿ ಊರಿದ್ದವು.